ಕಂದಾಯ ಕಟ್ಟುವುದು ಒಂದೆಡೆ, ರಸ್ತೆಯ ದುಡ್ಡು ಹುಟ್ಟುವುದು ಇನ್ನೊಂದೆಡೆ

2025ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ರಸ್ತೆಗಳ ಕುರಿತು ಎರಡು ಸುದ್ದಿಗಳು ಹಿಂದೆಮುಂದೆ ಬಂದವು. ಪೂರ್ವ ಬೆಂಗಳೂರಿನ ತೆರಿಗೆದಾರರ ವೇದಿಕೆಯೊಂದು, ರಸ್ತೆ ಮತ್ತು ಚರಂಡಿಗಳು ಸರಿಯಾಗುವವರೆಗೆ ತಮ್ಮಿಂದ ಆಸ್ತಿ ತೆರಿಗೆ ಸಂಗ್ರಹಿಸಬಾರದೆಂದು ಮುಖ್ಯಮಂತ್ರಿಯವರಿಗೆ ಪತ್ರ ಬರೆಯಿತು. ಅದೇ ಹೊತ್ತಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಟೆಂಡರ್ ಮುಂದೆ ಸಾಗುತ್ತಿತ್ತು, ಸುಮಾರು 16.75 ಕಿ.ಮೀ. ಉದ್ದದ ಆ ಯೋಜನೆಯ ಅಂದಾಜು ವೆಚ್ಚ 17,698 ಕೋಟಿ ರೂಪಾಯಿ, ಬಂದ ಅತಿ ಕಡಿಮೆ ಬಿಡ್‌ಗಳೂ ಆ ಅಂದಾಜನ್ನು ಮೀರಿದ್ದವು. ಗುಂಡಿ ಮುಚ್ಚಲು ಕಾಸಿಲ್ಲವೆನ್ನುವ ಊರಿಗೆ ನೆಲದಡಿ ರಸ್ತೆ ಕೊರೆಯಲು ಇಷ್ಟು ದುಡ್ಡು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ಗುಂಡಿಯ ದುಡ್ಡು ಮತ್ತು ಸುರಂಗದ ದುಡ್ಡು ಒಂದೇ ಗಲ್ಲಾಪೆಟ್ಟಿಗೆಯಿಂದ ಬರುವುದಿಲ್ಲ. ಅವುಗಳ ಹುಟ್ಟು ಬೇರೆ, ಅವನ್ನು ಮಂಜೂರು ಮಾಡುವವರು ಬೇರೆ, ಅವು ಹರಿಯುವ ಕಾಲುವೆಯೂ ಬೇರೆ. ಈ ವ್ಯತ್ಯಾಸವನ್ನು ಹಿಡಿದರೆ ನಗರದಲ್ಲಿ ಯಾವ ಬಗೆಯ ರಸ್ತೆ ಸುಲಭವಾಗಿ ಹುಟ್ಟುತ್ತದೆ, ಯಾವುದು ವರ್ಷಗಟ್ಟಲೆ ಕಾಯುತ್ತದೆ ಎಂಬುದೂ ಅರ್ಥವಾಗುತ್ತದೆ.

ವಾಹನದ ತೆರಿಗೆ ವಿಧಾನಸೌಧಕ್ಕೆ

ಹೊಸ ಕಾರು ಕೊಂಡವರು ನೋಂದಣಿಯ ಸಮಯದಲ್ಲಿ ಕಟ್ಟುವ ಜೀವಾವಧಿ ತೆರಿಗೆಯನ್ನು ಆಡುಮಾತಿನಲ್ಲಿ ‘ರೋಡ್ ಟ್ಯಾಕ್ಸ್’ ಎನ್ನುತ್ತೇವೆ. ಗೊಂದಲದ ಮೂಲ ಈ ಹೆಸರಿನಲ್ಲೇ ಇದೆ. 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯಡಿ ಸಂಗ್ರಹವಾಗುವ ಈ ಹಣ ಯಾವುದೇ ರಸ್ತೆಗೆ ಮೀಸಲಾದದ್ದಲ್ಲ. ಅದು ರಾಜ್ಯದ ಸಂಚಿತ ನಿಧಿಗೆ ಸೇರಿ, ಸಂಬಳ, ಪಿಂಚಣಿ, ಶಾಲೆ, ನೀರಾವರಿ, ಸಬ್ಸಿಡಿಗಳೊಂದಿಗೆ ಬೆರೆತುಹೋಗುತ್ತದೆ. 2025–26ರ ರಾಜ್ಯ ಬಜೆಟ್ಟಿನಲ್ಲಿ ಮೋಟಾರು ವಾಹನ ತೆರಿಗೆಯಿಂದ ನಿರೀಕ್ಷಿಸಿದ ಮೊತ್ತ 15,000 ಕೋಟಿ ರೂಪಾಯಿ. ಮುದ್ರಾಂಕ ಮತ್ತು ನೋಂದಣಿ ಶುಲ್ಕದಿಂದ 28,000 ಕೋಟಿ, ವಾಣಿಜ್ಯ ತೆರಿಗೆಗಳಿಂದ 1.20 ಲಕ್ಷ ಕೋಟಿ ರೂಪಾಯಿಯ ಗುರಿಯಿತ್ತು.

ಪೆಟ್ರೋಲ್ ಮತ್ತು ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ ಈ ವಾಣಿಜ್ಯ ತೆರಿಗೆಯ ಲೆಕ್ಕದಲ್ಲಿಯೇ ಬರುತ್ತದೆ. ಇಂಧನ ಇನ್ನೂ ಜಿಎಸ್‌ಟಿಯ ಹೊರಗಿರುವುದರಿಂದ, ರಾಜ್ಯ ತಾನೇ ದರ ನಿಗದಿ ಮಾಡಬಹುದಾದ ಕೆಲವೇ ತೆರಿಗೆಗಳಲ್ಲಿ ಇದೂ ಒಂದು. 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ದರವನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿದ್ದು, 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲಿನ ದರವನ್ನು ಶೇ 21.17ಕ್ಕೆ ತಂದದ್ದು ಈ ಕಾರಣಕ್ಕೆ. ಸಿಗ್ನಲ್‌ನಲ್ಲಿ ನಿಂತು ಸುಡುವ ಇಂಧನಕ್ಕೂ ತೆರಿಗೆ ಸಲ್ಲುತ್ತದೆಯಾದ್ದರಿಂದ, ಬೆಂಗಳೂರಿನ ದಟ್ಟಣೆ ಹೆಚ್ಚಿದಷ್ಟೂ ಖಜಾನೆಗೆ ಆದಾಯವೇ ಎಂಬ ವ್ಯಂಗ್ಯವನ್ನು ಇಲ್ಲಿ ಗಮನಿಸದೆ ಮುಂದೆ ಹೋಗುವುದು ಕಷ್ಟ. ಇದರ ಮೇಲೆ ಕೇಂದ್ರ ಸರ್ಕಾರ ವಿಧಿಸುವ ರಸ್ತೆ ಮತ್ತು ಮೂಲಸೌಕರ್ಯ ಉಪಕರವಿದೆ. ಉಪಕರವಾದ ಕಾರಣ ಅದು ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ತೆರಿಗೆಗಳ ಗಂಟಿಗೆ ಸೇರುವುದಿಲ್ಲ. ಅದರಲ್ಲಿ ರಸ್ತೆಗೆ ಹೋಗುವ ಭಾಗವೂ ಮುಖ್ಯವಾಗಿ ರಾಷ್ಟ್ರೀಯ ಹೆದ್ದಾರಿಗಳಿಗೆ ಹೋಗುತ್ತದೆ. ತುಮಕೂರು ರಸ್ತೆ, ಹೊಸೂರು ರಸ್ತೆಗಳಿಗೆ ಅದರ ಲಾಭ ಸಿಕ್ಕೀತು, ಪಣತ್ತೂರಿನ ಅಥವಾ ವರ್ತೂರಿನ ಒಳರಸ್ತೆಗೆ ಸಿಗುವುದಿಲ್ಲ.

ನಗರದ ಕೈಯಲ್ಲಿ ಉಳಿದದ್ದು

ಹಾಗಾದರೆ ನಗರಾಡಳಿತಕ್ಕೆ ತನ್ನದೆಂದು ಹೇಳಿಕೊಳ್ಳಲು ಏನಿದೆ? ಹೆಚ್ಚುಕಡಿಮೆ ಆಸ್ತಿ ತೆರಿಗೆ, ಅಂದರೆ ಜನ ‘ಕಂದಾಯ’ ಎಂದು ಕರೆಯುವುದು ಮಾತ್ರ. ಮೊದಲು ಹೀಗಿರಲಿಲ್ಲ. ಊರಿನೊಳಗೆ ಬರುವ ಸರಕಿನ ಮೇಲೆ ವಿಧಿಸುತ್ತಿದ್ದ ಆಕ್ಟ್ರಾಯ್, ನಗರದ ವ್ಯಾಪಾರ ಬೆಳೆದಂತೆ ತಾನೂ ಬೆಳೆಯುವ ಆದಾಯವಾಗಿತ್ತು. ಕರ್ನಾಟಕ ಅದನ್ನು 1979ರಲ್ಲಿ ರದ್ದು ಮಾಡಿ, ಬದಲಿಗೆ ಪ್ರವೇಶ ತೆರಿಗೆ ತಂದಿತು. ಪ್ರವೇಶ ತೆರಿಗೆ ರಾಜ್ಯದ ತೆರಿಗೆಯಾದ್ದರಿಂದ ನಗರಸಭೆಗಳಿಗೆ ಪರಿಹಾರದ ರೂಪದಲ್ಲಿ ಅನುದಾನ ಸಿಕ್ಕಿತೇ ಹೊರತು ಹಕ್ಕು ಉಳಿಯಲಿಲ್ಲ. ಮುಂಬೈ ಮಹಾನಗರ ಪಾಲಿಕೆ ಇದೇ ಆಕ್ಟ್ರಾಯ್ ಅನ್ನು 2017ರಲ್ಲಿ ಜಿಎಸ್‌ಟಿ ಬರುವವರೆಗೂ ಉಳಿಸಿಕೊಂಡಿತ್ತು. ಮುಂಬೈ ಪಾಲಿಕೆಯನ್ನು ಶ್ರೀಮಂತ ಎಂದು, ಬೆಂಗಳೂರಿನದನ್ನು ಬಡವ ಎಂದು ಹೋಲಿಸುವವರು ಈ ನಾಲ್ಕು ದಶಕಗಳ ಅಂತರವನ್ನು ಮರೆಯುತ್ತಾರೆ. ಜಿಎಸ್‌ಟಿಯೊಂದಿಗೆ ಜಾಹೀರಾತು ತೆರಿಗೆಯೂ ಸ್ಥಳೀಯ ಸಂಸ್ಥೆಗಳ ಕೈತಪ್ಪಿತು.

ಉಳಿದ ಆಸ್ತಿ ತೆರಿಗೆಯನ್ನು ಬೆಂಗಳೂರಿನಲ್ಲಿ 2008ರಿಂದ ವಿಸ್ತೀರ್ಣ ಆಧರಿಸಿ, ಮಾಲೀಕರೇ ಲೆಕ್ಕ ಹಾಕಿ ಘೋಷಿಸುವ ಪದ್ಧತಿಯಲ್ಲಿ ವಸೂಲಿ ಮಾಡಲಾಗುತ್ತಿದೆ. ವಲಯಕ್ಕೆ ನಿಗದಿಯಾದ ಚದರಡಿ ದರವನ್ನು ವಿಸ್ತೀರ್ಣದಿಂದ ಮತ್ತು ಹತ್ತು ತಿಂಗಳಿನಿಂದ ಗುಣಿಸಿ, ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆದು, ಅದರ ಶೇ 20ರಷ್ಟನ್ನು ತೆರಿಗೆಯಾಗಿ ಪರಿಗಣಿಸಲಾಗುತ್ತದೆ. ಸ್ವಂತ ವಾಸದ 1,200 ಚದರಡಿಯ ಮನೆಗೆ ದರ ಎರಡು ರೂಪಾಯಿ ಎಂದಿಟ್ಟುಕೊಳ್ಳೋಣ. ಸವಕಳಿಗೆ ಮುಂಚೆ ಬರುವ ತೆರಿಗೆ ವರ್ಷಕ್ಕೆ 4,800 ರೂಪಾಯಿ. ಗ್ರಂಥಾಲಯ, ಆರೋಗ್ಯ, ಭಿಕ್ಷುಕರ ಪರಿಹಾರ ಮುಂತಾದ ಉಪಕರಗಳು ಇದರ ಮೇಲೆ. ಈಗ ಅದೇ ಮನೆಯವರು 12 ಲಕ್ಷ ರೂಪಾಯಿಯ ಕಾರು ಕೊಂಡರೆ, ಆ ಬೆಲೆಯ ವಾಹನಕ್ಕಿರುವ ಶೇ 17ರ ದರದಲ್ಲಿ, ಸೆಸ್ ಬಿಟ್ಟು 2.04 ಲಕ್ಷ ರೂಪಾಯಿ ಒಂದೇ ಬಾರಿಗೆ ರಾಜ್ಯಕ್ಕೆ ಸಲ್ಲುತ್ತದೆ. ಆ ಮೊತ್ತವನ್ನು ಕಂದಾಯದ ರೂಪದಲ್ಲಿ ನಗರಕ್ಕೆ ಕಟ್ಟಲು ಅವರಿಗೆ ನಲವತ್ತೆರಡು ವರ್ಷ ಬೇಕು. ಕಾರು ಓಡುವುದು ನಗರದ ರಸ್ತೆಯ ಮೇಲೆ, ಆ ರಸ್ತೆ ಸವೆದರೆ ತೇಪೆ ಹಾಕಬೇಕಾದದ್ದು ನಗರಾಡಳಿತ, ತೆರಿಗೆ ತಲುಪಿದ್ದು ಮಾತ್ರ ಬೇರೆ ಖಜಾನೆಯನ್ನು.

ಕಂದಾಯದ ದರ ಏರಿಸಲು ಯಾವ ಸರ್ಕಾರವೂ ಉತ್ಸಾಹ ತೋರಿಲ್ಲ. 2008ರ ದರಗಳನ್ನು 2016ರಲ್ಲಿ ವಸತಿಗೆ ಶೇ 20, ವಾಣಿಜ್ಯ ಕಟ್ಟಡಗಳಿಗೆ ಶೇ 25ರಷ್ಟು ಪರಿಷ್ಕರಿಸಲಾಯಿತು. ಭೂಮಿಯ ಬೆಲೆ ಏರಿದ ವೇಗದ ಎದುರು ಇದು ಏನೂ ಅಲ್ಲ. ಬಾಕಿ ವಸೂಲಿಯ ಬಿಗಿ ಕ್ರಮಗಳಿಂದಾಗಿ 2024–25ರಲ್ಲಿ ಸಂಗ್ರಹ ಸುಮಾರು 4,900 ಕೋಟಿ ರೂಪಾಯಿಗೆ ತಲುಪಿತು. ಪೌರಕಾರ್ಮಿಕರ ಮತ್ತು ಸಿಬ್ಬಂದಿಯ ವೇತನ, ಬೀದಿದೀಪ, ಕಸ, ಉದ್ಯಾನ, ಆಸ್ಪತ್ರೆ, ಶಾಲೆಗಳ ನಂತರ ಉಳಿದದ್ದರಲ್ಲಿ ಸುಮಾರು 13,000 ಕಿ.ಮೀ. ರಸ್ತೆಗಳನ್ನು ನೋಡಿಕೊಳ್ಳಬೇಕು. ಇಡೀ ನಗರದ ಕಂದಾಯವನ್ನು ಬೇರೆ ಯಾವುದಕ್ಕೂ ಖರ್ಚು ಮಾಡದೆ ಕೂಡಿಟ್ಟರೂ ಒಂದು ಸುರಂಗ ರಸ್ತೆಯ ಅಂದಾಜು ವೆಚ್ಚ ತುಂಬಲು ಮೂರೂವರೆ ವರ್ಷ ದಾಟುತ್ತದೆ.

ಅನುದಾನ ತರುವ ಷರತ್ತು

ಆದ್ದರಿಂದ ದೊಡ್ಡ ಕಾಮಗಾರಿ ಯಾವುದಿದ್ದರೂ ರಾಜ್ಯದ ಅನುದಾನಕ್ಕೆ ಕೈಚಾಚಬೇಕು. ನಗರೋತ್ಥಾನ, ವಿಶೇಷ ಮೂಲಸೌಕರ್ಯ ಅನುದಾನ, ವೈಟ್ ಟಾಪಿಂಗ್ (ರಸ್ತೆಗೆ ಕಾಂಕ್ರೀಟ್ ಹೊದಿಕೆ) ಎಂದು ಹೆಸರುಗಳು ಬದಲಾಗುತ್ತವೆ, ಸ್ವರೂಪ ಬದಲಾಗುವುದಿಲ್ಲ: ಯಾವ ರಸ್ತೆ, ಎಷ್ಟು ಹಣ ಎಂಬುದು ಸಚಿವ ಸಂಪುಟದಲ್ಲಿ ತೀರ್ಮಾನವಾಗುತ್ತದೆ, ಕೆಲಸ ಮಾಡಿಸುವ ಮತ್ತು ಬೈಗುಳ ತಿನ್ನುವ ಭಾರ ಪಾಲಿಕೆಯದು. 2025–26ರ ಬಜೆಟ್ಟಿನಲ್ಲಿ ಬೆಂಗಳೂರಿಗೆ ಕೊಡುತ್ತಿದ್ದ ವಾರ್ಷಿಕ 3,000 ಕೋಟಿ ರೂಪಾಯಿ ಅನುದಾನವನ್ನು 7,000 ಕೋಟಿಗೆ ಏರಿಸುವುದಾಗಿ ಘೋಷಿಸಲಾಯಿತು. ಆಗಿನ ನಗರ ಪಾಲಿಕೆಯಾದ ಬಿಬಿಎಂಪಿಯ ಬಜೆಟ್ 12,369 ಕೋಟಿಯಿಂದ ಮರುವರ್ಷವೇ 19,927 ಕೋಟಿಗೆ ಜಿಗಿದದ್ದರ ಹಿಂದೆ ಈ ಘೋಷಣೆಯ ಪಾಲು ದೊಡ್ಡದು. ಕಂದಾಯವೇನೂ ಒಂದೇ ವರ್ಷದಲ್ಲಿ ಆ ಪ್ರಮಾಣದಲ್ಲಿ ಏರುವಂಥದ್ದಲ್ಲ.

ಅನುದಾನದ ತೊಂದರೆ ಅದರ ಮೊತ್ತದಲ್ಲಿಲ್ಲ, ಅದರ ಲಯದಲ್ಲಿದೆ. ಸರ್ಕಾರ ಬದಲಾದಾಗ ಹಿಂದಿನವರ ಕ್ರಿಯಾಯೋಜನೆಗೆ ತಡೆ ಬೀಳುತ್ತದೆ, ಜಾಬ್ ಕೋಡ್‌ಗಳು, ಅಂದರೆ ಪ್ರತಿ ಕಾಮಗಾರಿಗೆ ಕೊಟ್ಟ ಸಂಖ್ಯೆಗಳು, ಮರುಪರಿಶೀಲನೆಗೆ ಹೋಗುತ್ತವೆ, ಗುತ್ತಿಗೆದಾರರ ಬಿಲ್ ಬಾಕಿ ಬೆಳೆಯುತ್ತದೆ, ಬಾಕಿ ಬೆಳೆದಂತೆ ಮುಂದಿನ ಟೆಂಡರ್‌ನಲ್ಲಿ ಅವರು ಕಾಯುವಿಕೆಯ ಬಡ್ಡಿಯನ್ನೂ ಸೇರಿಸಿ ದರ ಕೂಗುತ್ತಾರೆ. 2017ರಲ್ಲಿ ಆರಂಭವಾದ, ಎರಡೂವರೆ ಕಿಲೋಮೀಟರಿನಷ್ಟೇ ಉದ್ದದ ಈಜಿಪುರ ಮೇಲ್ಸೇತುವೆ ಗುತ್ತಿಗೆ ರದ್ದಾಗಿ, ಮರು ಟೆಂಡರ್ ಆಗಿ, ವರ್ಷಗಳ ಕಾಲ ಬರಿ ಕಂಬಗಳಾಗಿ ನಿಂತದ್ದನ್ನು ಕೋರಮಂಗಲದವರಿಗೆ ನೆನಪಿಸಬೇಕಿಲ್ಲ.

ಇನ್ನೊಂದು ಪರಿಣಾಮ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಅನುದಾನ ಒಮ್ಮೆ ಬರುತ್ತದೆ, ಮತ್ತೆ ಯಾವಾಗ ಬಂದೀತೆಂದು ಹೇಳಲಾಗುವುದಿಲ್ಲ. ಆದ್ದರಿಂದ ಎಂಜಿನಿಯರುಗಳಿಗೂ ಶಾಸಕರಿಗೂ, ವರ್ಷವರ್ಷವೂ ನಿರ್ವಹಣೆ ಬೇಡುವ ಡಾಂಬರು ರಸ್ತೆಗಿಂತ, ಒಂದೇ ಸಲ ಹೆಚ್ಚು ಖರ್ಚಾಗಿ ಬಹುಕಾಲ ಮುಟ್ಟಬೇಕಿಲ್ಲದ ಕಾಂಕ್ರೀಟ್ ರಸ್ತೆಯೇ ಜಾಣತನವಾಗಿ ಕಾಣುತ್ತದೆ. ವೈಟ್ ಟಾಪಿಂಗ್ ಬೆಂಗಳೂರಿನಲ್ಲಿ ಇಷ್ಟೊಂದು ಜನಪ್ರಿಯವಾಗಲು ಅದರ ಬಾಳಿಕೆ ಎಷ್ಟು ಕಾರಣವೋ ನಿರ್ವಹಣೆಗೆ ಖಚಿತ ಹಣವಿಲ್ಲದಿರುವುದೂ ಅಷ್ಟೇ ಕಾರಣ.

ಕೇಂದ್ರದ ತೆರಿಗೆ ಹಂಚಿಕೆಯನ್ನು ಶಿಫಾರಸು ಮಾಡುವ ಹಣಕಾಸು ಆಯೋಗದ ಅನುದಾನವೂ ಇಲ್ಲಿ ಹೆಚ್ಚು ನೆರವಿಗೆ ಬರಲಿಲ್ಲ. 15ನೇ ಆಯೋಗ ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಶಿಫಾರಸು ಮಾಡಿದ ಹಣವನ್ನು ವಾಯು ಗುಣಮಟ್ಟ, ಕುಡಿಯುವ ನೀರು ಮತ್ತು ಕಸ ನಿರ್ವಹಣೆಗೆ ಕಟ್ಟಿಹಾಕಿತ್ತು.

ಸುರಂಗಕ್ಕೆ ಸಾಲ ಸಿಗುತ್ತದೆ, ಗುಂಡಿಗೆ ಸಿಗುವುದಿಲ್ಲ

ಸಾಲ ಬೆಂಗಳೂರಿಗೆ ಹೊಸದಲ್ಲ. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ರಾಜ್ಯ ಸರ್ಕಾರದ ಖಾತರಿಯೊಂದಿಗೆ 125 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿತ್ತು. ದೇಶದಲ್ಲಿ ನಗರಾಡಳಿತವೊಂದು ಹೀಗೆ ಮಾಡಿದ್ದು ಅದೇ ಮೊದಲು. ಮುಂದೆ ಬಿಬಿಎಂಪಿ, ಕೇಂದ್ರ ಸರ್ಕಾರದ ಸಾಲ ಸಂಸ್ಥೆ ಹುಡ್ಕೊದ ಸಾಲಕ್ಕಾಗಿ ಕೆ.ಆರ್. ಮಾರುಕಟ್ಟೆ, ಜಾನ್ಸನ್ ಮಾರುಕಟ್ಟೆ, ಮೇಯೋ ಹಾಲ್‌ನಂತಹ ಆಸ್ತಿಗಳನ್ನೇ ಅಡವಿಟ್ಟು, ಆಮೇಲೆ ಒಂದೊಂದಾಗಿ ಬಿಡಿಸಿಕೊಂಡದ್ದು ರಾಜಕೀಯ ವಿವಾದವಾಗಿತ್ತು.

ಈಗಿನ ಪ್ರಮಾಣ ಬೇರೆ ಮಟ್ಟದ್ದು. 2025–26ರ ಬಜೆಟ್ಟಿನಲ್ಲಿ ಉತ್ತರ–ದಕ್ಷಿಣ ಮತ್ತು ಪೂರ್ವ–ಪಶ್ಚಿಮ ಸುರಂಗ ಕಾರಿಡಾರ್‌ಗಳಿಗೆ 40,000 ಕೋಟಿ ರೂಪಾಯಿ ವೆಚ್ಚವನ್ನು ಪ್ರಸ್ತಾಪಿಸಿ, ಅದಕ್ಕಾಗಿ 19,000 ಕೋಟಿ ರೂಪಾಯಿಗೆ ಸರ್ಕಾರದ ಖಾತರಿ ನೀಡುವುದಾಗಿ ಹೇಳಲಾಯಿತು. ಮೆಟ್ರೊ ಮೂರನೇ ಹಂತದ ಜೊತೆಗೆ 40.5 ಕಿ.ಮೀ. ಡಬಲ್ ಡೆಕ್ಕರ್ ಮೇಲ್ಸೇತುವೆಗೆ 8,916 ಕೋಟಿ, ರಾಜಕಾಲುವೆಗಳ ಅಂಚಿನಲ್ಲಿ 300 ಕಿ.ಮೀ. ರಸ್ತೆಗೆ 3,000 ಕೋಟಿ ಎಂದು ಅದೇ ಬಜೆಟ್ ಲೆಕ್ಕ ಕೊಟ್ಟಿತು. ಪ್ರಧಾನ ಮತ್ತು ಉಪಪ್ರಧಾನ ರಸ್ತೆಗಳ 460 ಕಿ.ಮೀ. ಅಭಿವೃದ್ಧಿಗೆ ಹೇಳಿದ ಮೊತ್ತ 660 ಕೋಟಿ ರೂಪಾಯಿ. ಭಾಗಿಸಿ ನೋಡಿದರೆ ನೆಲದ ಮೇಲಿನ ರಸ್ತೆಗೆ ಕಿಲೋಮೀಟರಿಗೆ ಸುಮಾರು 1.4 ಕೋಟಿ, ಸುರಂಗಕ್ಕೆ ಕಿಲೋಮೀಟರಿಗೆ ಸಾವಿರ ಕೋಟಿಗೂ ಮೇಲೆ. ಹೊಸದಾಗಿ ಕೊರೆಯುವುದನ್ನು ಇರುವುದರ ಸುಧಾರಣೆಗೆ ಹೋಲಿಸುವುದು ಪೂರ್ತಿ ನ್ಯಾಯವಲ್ಲ. ಆದರೂ ಒಂದೇ ಭಾಷಣದೊಳಗೆ ಈ ಎರಡು ಅಂಕಿಗಳು ಅಕ್ಕಪಕ್ಕ ಕೂತಿದ್ದವು ಎಂಬುದು ಆದ್ಯತೆಯ ಬಗ್ಗೆ ಏನನ್ನೋ ಹೇಳುತ್ತದೆ.

ಖಾತರಿ ಎಂದರೆ ಅನುದಾನವಲ್ಲ. ಸಾಲ ಪಡೆದ ಸಂಸ್ಥೆ ಕಂತು ಕಟ್ಟಲಾಗದಿದ್ದರೆ ರಾಜ್ಯ ಕಟ್ಟುತ್ತದೆ ಎಂಬ ಮುಚ್ಚಳಿಕೆ ಅದು. ಇಂದಿನ ಬಜೆಟ್ಟಿನಲ್ಲಿ ವೆಚ್ಚವಾಗಿ ಕಾಣಿಸದೆ, ನಾಳೆಯ ಬಜೆಟ್ಟಿನಲ್ಲಿ ಹಠಾತ್ತಾಗಿ ಕಾಣಿಸಿಕೊಳ್ಳಬಲ್ಲ ಹೊಣೆಗಾರಿಕೆ. ಸಾಲ ಕೊಡುವವರಿಗೆ ಬೇಕಾದದ್ದು ಗುರುತಿಸಬಹುದಾದ ಆಸ್ತಿ, ಅದರಿಂದ ಬರುವ ಟೋಲ್, ಹಿಂದೆ ನಿಂತ ಖಾತರಿ. ಸುರಂಗಕ್ಕೆ ಈ ಮೂರೂ ಇವೆ. ಮಾರತ್ತಹಳ್ಳಿಯ ಅಡ್ಡರಸ್ತೆಯ ಗುಂಡಿಗೆ ಮೂರರಲ್ಲಿ ಒಂದೂ ಇಲ್ಲ. ಅದನ್ನು ಪ್ರತಿ ಮಳೆಗಾಲದ ನಂತರ, ಆ ವರ್ಷದ ಆದಾಯದಿಂದಲೇ ಮುಚ್ಚಬೇಕು. ಪತ್ರಿಕೆ ಓದುಗನಿಗೆ ವಿಚಿತ್ರವಾಗಿ ಕಂಡ ಆ ಎರಡು ಸುದ್ದಿಗಳ ನಂಟು ಇಲ್ಲಿದೆ.

ನೆಲದ ಬೆಲೆ

ನೆಲದ ಮೇಲೆ ಅಗಲ ಮಾಡಲು ಜಾಗವೇ ಇಲ್ಲ, ಇದ್ದರೂ ಕೊಳ್ಳಲಾಗದು ಎಂಬುದು ಸುರಂಗದ ಪರವಾದ ಬಲವಾದ ವಾದ. ಬಳ್ಳಾರಿ ರಸ್ತೆ ಮತ್ತು ಜಯಮಹಲ್ ರಸ್ತೆಯ ವಿಸ್ತರಣೆಗೆ ಬೇಕಾದ ಅರಮನೆ ಮೈದಾನದ 15 ಎಕರೆ ಏಳೂವರೆ ಗುಂಟೆ ಜಾಗ ಇದಕ್ಕೆ ಉದಾಹರಣೆ. ಅದಕ್ಕೆ ಪರಿಹಾರವಾಗಿ ಕೊಡಬೇಕಾದ ಟಿಡಿಆರ್, ಅಂದರೆ ಬೇರೆಡೆ ಹೆಚ್ಚುವರಿ ಕಟ್ಟಡ ಕಟ್ಟುವ ವರ್ಗಾಯಿಸಬಹುದಾದ ಹಕ್ಕಿನ ಮೌಲ್ಯ, ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ನೀಡಿದ ನಿರ್ದೇಶನದಂತೆ 3,000 ಕೋಟಿ ರೂಪಾಯಿ ಮೀರಿತು. ಅದನ್ನು ತಪ್ಪಿಸಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆಯ ಮೊರೆ ಹೋಗಬೇಕಾಯಿತು. ಅಧಿಸೂಚನೆ ಹೊರಡಿಸಿ ದಶಕಗಟ್ಟಲೆ ಕೂತರೆ ಏನಾಗುತ್ತದೆ ಎಂಬುದಕ್ಕೆ ಪೆರಿಫೆರಲ್ ರಿಂಗ್ ರಸ್ತೆ ಸಾಕ್ಷಿ. 2005ರಲ್ಲಿ ಪ್ರಾಥಮಿಕ ಅಧಿಸೂಚನೆ, 2007ರಲ್ಲಿ ಅಂತಿಮ ಅಧಿಸೂಚನೆ ಕಂಡ ಸುಮಾರು 73 ಕಿ.ಮೀ.ಯ ಈ ರಸ್ತೆಗೆ ಈಗ ‘ಬೆಂಗಳೂರು ಬಿಸಿನೆಸ್ ಕಾರಿಡಾರ್’ ಎಂಬ ಹೆಸರು ಬಂದಿದೆ. 27,000 ಕೋಟಿ ರೂಪಾಯಿಯ ಲೆಕ್ಕವೂ ಬಂದಿದೆ, ಅದರಲ್ಲಿ ಸಿಂಹಪಾಲು ಭೂಮಿಯದು.

ಇಲ್ಲಿ ಒಂದು ತಿರುವು ಇದೆ. ರಸ್ತೆ ಬರುತ್ತದೆ ಎಂಬ ಸುದ್ದಿಗೇ ಸುತ್ತಲಿನ ನಿವೇಶನಗಳ ಬೆಲೆ ಏರುತ್ತದೆ. ಹಾಗೆ ಏರಿದ ಬೆಲೆಯ ಬಹುಪಾಲು ಮಾಲೀಕರಿಗೆ ದಕ್ಕುತ್ತದೆ. ಮಾರಿದಾಗ ಮುದ್ರಾಂಕ ಶುಲ್ಕವಾಗಿ, 2025ರ ಆಗಸ್ಟ್ ಅಂತ್ಯದಿಂದ ಶೇ 2ಕ್ಕೇರಿದ ನೋಂದಣಿ ಶುಲ್ಕವಾಗಿ ರಾಜ್ಯಕ್ಕೂ ಒಂದು ಪಾಲು ಸಲ್ಲುತ್ತದೆ. ಮಾರ್ಗಸೂಚಿ ದರಕ್ಕೆ, ಅಂದರೆ ಸರ್ಕಾರ ಗೊತ್ತುಮಾಡುವ ಆಸ್ತಿ ಬೆಲೆಗೆ, ನೇರವಾಗಿ ಬೆಸೆಯದ ಕಂದಾಯ ಮಾತ್ರ ಇದ್ದಲ್ಲೇ ಇರುತ್ತದೆ. ರಸ್ತೆ ಹುಟ್ಟಿಸಿದ ಸಂಪತ್ತಿನಿಂದ ರಸ್ತೆಯ ವೆಚ್ಚ ಮರಳಿ ಪಡೆಯುವ ಅತ್ಯಂತ ಸರಳ ದಾರಿ ಕಂದಾಯವೇ ಆಗಿದ್ದರೂ, ರಾಜಕೀಯವಾಗಿ ಅತ್ಯಂತ ಕಠಿಣ ದಾರಿಯೂ ಅದೇ. ಟೋಲ್‌ಗೆ ಕಂದಾಯಕ್ಕಿರುವಷ್ಟು ವಿರೋಧವಿಲ್ಲ, ಏಕೆಂದರೆ ಅದು ರಸ್ತೆ ತೆರೆಯುವ ದಿನದವರೆಗೆ ಯಾರ ಜೇಬಿಗೂ ತಟ್ಟುವುದಿಲ್ಲ.

ಬಳಸುವವರೇ ಕೊಡಲಿ ಎಂಬ ವಾದ

ಸುರಂಗವನ್ನು ಖಾಸಗಿ ಸಹಭಾಗಿತ್ವದಲ್ಲಿ ಕಟ್ಟಿ, ಸರ್ಕಾರ ಶೇ 40ರಷ್ಟು ಹೊತ್ತು, ಉಳಿದದ್ದನ್ನು ಕಂಪನಿ ಹೂಡಿ ಟೋಲ್‌ನಿಂದ ಹಿಂಪಡೆಯುವ ಮಾದರಿಯನ್ನು ಸರ್ಕಾರ ಮುಂದಿಟ್ಟಿತು. ಕಲಬುರಗಿಯ ರೈತ ಬೆಂಗಳೂರಿನ ಕಾರಿನವರ ಸುರಂಗಕ್ಕೆ ಏಕೆ ತೆರಿಗೆ ಕೊಡಬೇಕು, ಬಳಸುವವರೇ ಕೊಡಲಿ ಎಂಬ ತರ್ಕ ಇದರಲ್ಲಿದೆ, ಮತ್ತು ಅದು ತಳ್ಳಿಹಾಕುವಂಥ ತರ್ಕವಲ್ಲ. 2010ರಲ್ಲಿ ತೆರೆದ ಎಲೆಕ್ಟ್ರಾನಿಕ್ ಸಿಟಿ ಎತ್ತರಿಸಿದ ಹೆದ್ದಾರಿ ಟೋಲ್ ಆಧಾರದ ಮೇಲೆಯೇ ನಡೆದುಬಂದಿದೆ.

ಭಾರತೀಯ ವಿಜ್ಞಾನ ಸಂಸ್ಥೆಯ ಸಾರಿಗೆ ತಜ್ಞ ಆಶಿಶ್ ವರ್ಮ, ಸಂಸದ ತೇಜಸ್ವಿ ಸೂರ್ಯ ಮೊದಲಾದವರು ಬೇರೆ ಬೇರೆ ನೆಲೆಗಳಿಂದ ಇದನ್ನು ವಿರೋಧಿಸಿದ್ದಾರೆ. ಹೊಸ ಕಾರು ಮಾರ್ಗ ಹೊಸ ಕಾರುಗಳನ್ನೇ ತರುತ್ತದೆ, ಅದೇ ಹಣದಲ್ಲಿ ಮೆಟ್ರೊ, ಬಸ್ಸು, ಉಪನಗರ ರೈಲು ಹೆಚ್ಚು ಜನರನ್ನು ಸಾಗಿಸಬಲ್ಲವು ಎಂಬುದು ಅವರ ವಾದದ ತಿರುಳು. ನಗರದ ವಾಹನಗಳಲ್ಲಿ ಬಹುಪಾಲು ದ್ವಿಚಕ್ರ ವಾಹನಗಳು, ಅವುಗಳಿಗೆ ಈ ಸುರಂಗದಲ್ಲಿ ಪ್ರವೇಶವಿಲ್ಲವೆಂಬ ಪ್ರಸ್ತಾವವಿದೆ. ಹಾಗಾದರೆ ಸರ್ಕಾರದ ಶೇ 40ರ ಪಾಲು, ಅಂದರೆ ಅಂದಾಜು ವೆಚ್ಚದ ಮೇಲೆ ಏಳು ಸಾವಿರ ಕೋಟಿ ರೂಪಾಯಿ, ಸ್ಕೂಟರಿನವರ ಮತ್ತು ಬಸ್ಸಿನವರ ತೆರಿಗೆಯಿಂದಲೂ ಬರುತ್ತದೆಯಲ್ಲವೇ ಎಂಬ ಪ್ರಶ್ನೆಗೆ ‘ಬಳಸುವವರೇ ಕೊಡಲಿ’ ಎಂಬ ಸೂತ್ರದಲ್ಲಿ ಉತ್ತರವಿಲ್ಲ.

‘ನಮ್ಮ ತೆರಿಗೆ’ ಯಾರದು

15ನೇ ಹಣಕಾಸು ಆಯೋಗ ಕೇಂದ್ರ ತೆರಿಗೆಗಳಲ್ಲಿ ಕರ್ನಾಟಕದ ಪಾಲನ್ನು ಶೇ 4.713ರಿಂದ ಶೇ 3.647ಕ್ಕೆ ಇಳಿಸಿದಾಗ, ಕೊಟ್ಟಷ್ಟು ಮರಳಿ ಬರುತ್ತಿಲ್ಲವೆಂದು ರಾಜ್ಯ ದೆಹಲಿಯನ್ನು ಪ್ರಶ್ನಿಸಿತು. ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚಿನ ಪಾಲು ನಮ್ಮದು, ನಮಗೆ ಮರಳಿದ್ದೆಷ್ಟು ಎಂದು ಬೆಂಗಳೂರು ವಿಧಾನಸೌಧವನ್ನು ಕೇಳುತ್ತದೆ. ಮಹದೇವಪುರದವರು, ಅತಿ ಹೆಚ್ಚು ಕಂದಾಯ ಕೊಟ್ಟ ವಲಯ ನಮ್ಮದು ಎಂದು ಪಾಲಿಕೆಯನ್ನು ಕೇಳುತ್ತಾರೆ. ಮೂರೂ ಕಡೆ ವಾದ ಒಂದೇ, ಅದನ್ನು ಕೇಳಿಸಿಕೊಳ್ಳುವವರ ಉತ್ತರವೂ ಒಂದೇ: ತೆರಿಗೆ ಎಂದರೆ ಹಂಚಿಕೆ, ಹುಟ್ಟಿದ ಕಡೆಯೇ ಖರ್ಚಾಗಬೇಕೆಂದರೆ ಹಿಂದುಳಿದ ಜಿಲ್ಲೆ ಹಿಂದೆಯೇ ಉಳಿಯುತ್ತದೆ. ದೆಹಲಿಗೆ ಒಂದು ನ್ಯಾಯ, ಮಹದೇವಪುರಕ್ಕೆ ಇನ್ನೊಂದು ನ್ಯಾಯ ಹೇಳುವ ಅನುಕೂಲ ರಾಜ್ಯ ಸರ್ಕಾರಕ್ಕಿಲ್ಲ.

ಎರಡರ ನಡುವೆ ಒಂದು ವ್ಯತ್ಯಾಸ ಮಾತ್ರ ನಿಜವಾದದ್ದು. ಕೇಂದ್ರ ಮತ್ತು ರಾಜ್ಯಗಳ ನಡುವಿನ ಹಂಚಿಕೆ ಒಂದು ಸೂತ್ರದ ಪ್ರಕಾರ, ಐದು ವರ್ಷಕ್ಕೆ ಮುಂಚಿತವಾಗಿ ಗೊತ್ತಾಗುತ್ತದೆ. ರಾಜ್ಯದಿಂದ ನಗರಕ್ಕೆ ಹರಿಯುವ ರಸ್ತೆಯ ಹಣದ ಬಹುಭಾಗಕ್ಕೆ ಅಂಥ ಸೂತ್ರವಿಲ್ಲ. ಸಂವಿಧಾನದ 74ನೇ ತಿದ್ದುಪಡಿ ರಸ್ತೆ ಮತ್ತು ಸೇತುವೆಗಳನ್ನು ನಗರಾಡಳಿತದ ಕಾರ್ಯಗಳ ಪಟ್ಟಿಗೆ ಸೇರಿಸಿ, ರಾಜ್ಯ ಹಣಕಾಸು ಆಯೋಗಗಳನ್ನು ಕಡ್ಡಾಯ ಮಾಡಿತು; ಆಯೋಗದ ಶಿಫಾರಸನ್ನು ಒಪ್ಪುವುದನ್ನು ಕಡ್ಡಾಯ ಮಾಡಲಿಲ್ಲ. ವಾಹನ ತೆರಿಗೆಯ ಇಂತಿಷ್ಟು ಭಾಗ, ವಾಹನ ನೋಂದಣಿಯಾದ ನಗರದ ರಸ್ತೆ ನಿರ್ವಹಣೆಗೆ ತಾನಾಗಿಯೇ ವರ್ಗವಾಗುವ ವ್ಯವಸ್ಥೆ ಇದ್ದಿದ್ದರೆ, ಗುಂಡಿಯ ಪ್ರಶ್ನೆ ಪ್ರತಿ ಮಳೆಗಾಲದಲ್ಲಿ ಮುಖ್ಯಮಂತ್ರಿಯವರ ಮೇಜಿಗೆ ಹೋಗಬೇಕಾಗುತ್ತಿರಲಿಲ್ಲ.

ಐದು ಪಾಲಿಕೆಗಳ ಹೊಸ ಲೆಕ್ಕ

2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳು ಬಂದವು. ಕಂದಾಯ ಆಯಾ ಪಾಲಿಕೆಗೆ ಸೇರುತ್ತದೆ, ದೊಡ್ಡ ಯೋಜನೆಗಳು ಪ್ರಾಧಿಕಾರದ ಮತ್ತು ಅದಕ್ಕಾಗಿಯೇ ಹುಟ್ಟಿದ ಬಿ–ಸ್ಮೈಲ್ ಎಂಬ ಸಂಸ್ಥೆಯ ಕೈಯಲ್ಲಿರುತ್ತವೆ. ಮಹದೇವಪುರ, ಕೆ.ಆರ್. ಪುರಗಳನ್ನು ಒಳಗೊಂಡ ಪೂರ್ವ ಪಾಲಿಕೆಗೆ ತಂತ್ರಜ್ಞಾನ ಪಾರ್ಕುಗಳ ಕಂದಾಯ ಪೂರ್ತಿಯಾಗಿ ಉಳಿಯುವುದರಿಂದ ಅಲ್ಲಿನ ಒಳರಸ್ತೆಗಳ ಸ್ಥಿತಿ ಸುಧಾರಿಸಲು ಅವಕಾಶವಿದೆ. ಹಳೆಯ ಬಡಾವಣೆಗಳ, ಕಡಿಮೆ ದರದ ವಲಯಗಳ ಪಾಲಿಕೆಗಳಿಗೆ ಅಂಥ ಆಸರೆಯಿಲ್ಲ. ಇದುವರೆಗೆ ಒಂದೇ ಬಜೆಟ್ಟಿನೊಳಗೆ ಸದ್ದಿಲ್ಲದೆ ನಡೆಯುತ್ತಿದ್ದ ಹೊಂದಾಣಿಕೆ ಇನ್ನು ಬಹಿರಂಗ ಜಗಳವಾಗಬಹುದು. ಸಾಲದ ಕಂತು, ಖಾತರಿಯ ಭಾರ, ಟೋಲ್ ಕುಸಿದರೆ ಆಗುವ ನಷ್ಟವನ್ನು ಐವರು ಯಾವ ಅನುಪಾತದಲ್ಲಿ ಹೊರಬೇಕು ಎಂಬ ಪ್ರಶ್ನೆ ಇದರೊಂದಿಗೇ ಬರುತ್ತದೆ. ಸುರಂಗದ ಬಾಯಿ ಇರುವುದು ಕೆಲವರ ಗಡಿಯಲ್ಲಿ, ಸಾಲದ ನೆರಳು ಎಲ್ಲರ ಮೇಲೆ.

ಇಷ್ಟು ದೊಡ್ಡ ಹೊಣೆಗಾರಿಕೆಗಳ ಬಗ್ಗೆ ಪಾಲಿಕೆಯ ಸಭೆಯಲ್ಲಿ ಚರ್ಚೆಯಾಗಿ, ಆಕ್ಷೇಪಣೆ ದಾಖಲಾಗಿ, ಮತಕ್ಕೆ ಹೋಗಬೇಕಿತ್ತು. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ, ಆ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ರಂದು. ಸುರಂಗದ ಮಂಜೂರಾತಿ, 19,000 ಕೋಟಿ ರೂಪಾಯಿಯ ಖಾತರಿಯ ಘೋಷಣೆ, ಪಾಲಿಕೆಯ ವಿಭಜನೆ ಎಲ್ಲವೂ ಆ ದಿನಾಂಕದ ನಂತರದವು, ಆಡಳಿತಾಧಿಕಾರಿಯ ಸಹಿಯ ಕಾಲದವು. ಕಂದಾಯ ಕಟ್ಟುವವರ ಪರವಾಗಿ ಆ ಕಡತಗಳ ಮೇಲೆ ಒಂದು ಪ್ರಶ್ನೆ ಬರೆಯಲು ಒಬ್ಬ ಕಾರ್ಪೊರೇಟರ್ ಕೂಡ ಆಗ ಕುರ್ಚಿಯಲ್ಲಿರಲಿಲ್ಲ.